ಅಳಿವೆಯ ಹೂಳಿನಲ್ಲಿ ರಂಜಕ: ಸಂಗ್ರಹ ಮತ್ತು ಚಲನೆ

ನದಿಯ ಸಿಹಿನೀರು ಕಡಲಿನ ಉಪ್ಪುನೀರಿನೊಂದಿಗೆ ಬೆರೆಯುವ ಜಾಗ ಅಳಿವೆ. ಹರಿವು ನಿಧಾನವಾಗುವುದರಿಂದ ನದಿ ಹೊತ್ತು ತಂದ ಮಣ್ಣು ಇಲ್ಲಿ ತಳ ಸೇರಿ ಹೂಳಾಗುತ್ತದೆ. ಮಣ್ಣಿನ ಕಣಗಳಿಗೆ ಅಂಟಿಕೊಂಡು ರಂಜಕವೂ, ಅಂದರೆ ಫಾಸ್ಫರಸ್ಸೂ, ಕೆಳಗಿಳಿಯುತ್ತದೆ. ಹೀಗೆ ಇಳಿದದ್ದು ಅಲ್ಲೇ ಉಳಿಯುತ್ತದೆ ಎಂಬ ಭರವಸೆಯಿಲ್ಲ. ಒಂದಷ್ಟು ರಂಜಕ ಖನಿಜವಾಗಿ ಶಾಶ್ವತವಾಗಿ ಹುದುಗುತ್ತದೆ. ಉಳಿದದ್ದು ತಿಂಗಳುಗಳಲ್ಲೋ ವರ್ಷಗಳಲ್ಲೋ ಕರಗಿ ಮೇಲಿನ ನೀರಿಗೆ ಮರಳುತ್ತದೆ. ಯಾವುದು ಎಷ್ಟು ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಕಬ್ಬಿಣ ಮತ್ತು ಗಂಧಕದ ನಡುವಿನ ಜಗ್ಗಾಟ.

ಈ ಸಂಗ್ರಹದ ಗಾತ್ರ ಎಷ್ಟೆಂದು ಒಂದು ಸರಳ ಲೆಕ್ಕದಿಂದ ಊಹಿಸಬಹುದು. ಒಂದು ಗ್ರಾಂ ಒಣ ಅಳಿವೆ ಕೆಸರಿನಲ್ಲಿ ಸಾಮಾನ್ಯವಾಗಿ ಅರ್ಧದಿಂದ ಒಂದೂವರೆ ಮಿಲಿಗ್ರಾಂ ರಂಜಕವಿರುತ್ತದೆ. ಒಂದು ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಒಂದು ಚದರ ಮೀಟರ್ ಜಾಗದಲ್ಲಿ ಮೇಲಿನ 10 ಸೆಂಟಿಮೀಟರ್ ಕೆಸರನ್ನು ಒಣಗಿಸಿದರೆ ಸುಮಾರು 50 ಕಿಲೋ ತೂಗುತ್ತದೆ. ಅದರಲ್ಲಿರುವ ರಂಜಕ 50 ಗ್ರಾಂ. ಅದರ ಮೇಲೆ ಎರಡು ಮೀಟರ್ ಆಳದ ನೀರಿದ್ದು, ಲೀಟರಿಗೆ 31 ಮೈಕ್ರೋಗ್ರಾಂನಂತೆ ಕರಗಿದ ರಂಜಕವಿದ್ದರೆ ಒಟ್ಟು 62 ಮಿಲಿಗ್ರಾಂ ಆಗುತ್ತದೆ. ಅಂದರೆ ನೀರಿನಲ್ಲಿ ಇರುವುದರ ಎಂಟುನೂರು ಪಟ್ಟು ಒಂದು ಗೇಣೂ ದಪ್ಪವಿಲ್ಲದ ಕೆಸರಿನಲ್ಲಿದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಹೊರಬಿದ್ದರೂ ನೀರಿನ ರಂಜಕ ಎಂಟು ಪಟ್ಟು ಹೆಚ್ಚುತ್ತದೆ.

ಆಕಾಶದ ದಾರಿಯಿಲ್ಲದ ಧಾತು

1669ರಲ್ಲಿ ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ ಮೂತ್ರವನ್ನು ಬತ್ತಿಸಿ ಕಾಯಿಸಿ ರಂಜಕವನ್ನು ಪಡೆದ. ಹೊಲದ ಬೆಳೆಯಿಂದ ಊಟಕ್ಕೆ, ಊಟದಿಂದ ದೇಹಕ್ಕೆ, ದೇಹದಿಂದ ಚರಂಡಿಗೆ ಈ ಧಾತು ಸಾಗುವ ದಾರಿಗೆ ಆ ಪ್ರಯೋಗವೇ ಸಾಕ್ಷಿ. ಆ ದಾರಿಯ ಮುಂದಿನ ನಿಲ್ದಾಣ ನದಿ, ಆಮೇಲೆ ಅಳಿವೆ.

ಸಾರಜನಕಕ್ಕೂ ರಂಜಕಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಳಿವೆಯ ಕೆಸರಿನಲ್ಲಿ ನೈಟ್ರೇಟನ್ನು ಬಳಸುವ ಬ್ಯಾಕ್ಟೀರಿಯಗಳು ಅದನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಟ್ಟುಬಿಡುತ್ತವೆ. ಹೆಚ್ಚಾದ ಸಾರಜನಕ ಹಾಗೆ ಕಳೆದುಹೋಗುತ್ತದೆ. ರಂಜಕಕ್ಕೆ ಲೆಕ್ಕಕ್ಕೆ ಸಿಗುವಷ್ಟು ಅನಿಲ ರೂಪವಿಲ್ಲ. ಅಳಿವೆಗೆ ಬಂದ ರಂಜಕ ಕಡಲಿಗೆ ಹೋಗಬೇಕು, ಇಲ್ಲವೇ ಹೂಳಿನಲ್ಲಿ ಹುದುಗಬೇಕು. ಮೂರನೆಯ ದಾರಿಯಿಲ್ಲ, ಬಲೆಗೆ ಬಿದ್ದ ಮೀನು ಮತ್ತು ಬುಟ್ಟಿ ಸೇರಿದ ಚಿಪ್ಪಿಕಲ್ಲಿನೊಂದಿಗೆ ಹೊರಹೋಗುವ ಅಲ್ಪ ಪಾಲನ್ನು ಬಿಟ್ಟರೆ.

ಕಡಲ ಸಸ್ಯಕಣಗಳ ದೇಹದಲ್ಲಿ ಇಂಗಾಲ, ಸಾರಜನಕ, ರಂಜಕಗಳ ಪರಮಾಣುಗಳು ಸರಾಸರಿ 106:16:1ರ ಪ್ರಮಾಣದಲ್ಲಿರುತ್ತವೆ. ಆಲ್ಫ್ರೆಡ್ ರೆಡ್‌ಫೀಲ್ಡ್ ಗುರುತಿಸಿದ ಈ ಅನುಪಾತಕ್ಕೆ ಅವರದೇ ಹೆಸರು ಬಂದಿದೆ. ರಂಜಕದ ಒಂದು ಪರಮಾಣು ಸಿಕ್ಕರೆ ನೂರಕ್ಕೂ ಹೆಚ್ಚು ಇಂಗಾಲ ಪರಮಾಣುಗಳ ಜೀವರಾಶಿ ಬೆಳೆಯಬಲ್ಲದು ಎಂಬುದು ಇದರ ತಾತ್ಪರ್ಯ. ಹೂಳಿನಿಂದ ಸೋರುವ ಅಲ್ಪ ರಂಜಕವೂ ನೀರನ್ನು ಪಾಚಿಗಟ್ಟಿಸುವುದು ಇದರಿಂದಲೇ.

ಯಾವ ರೂಪದಲ್ಲಿ ಕುಳಿತಿದೆ

ಹೂಳಿನಲ್ಲಿರುವ ರಂಜಕದ ಒಟ್ಟು ಪ್ರಮಾಣ ತಿಳಿದರೆ ಅರ್ಧ ವಿಷಯ ಮಾತ್ರ ತಿಳಿದಂತೆ. ಅದು ಯಾವುದಕ್ಕೆ ಅಂಟಿದೆ ಎಂಬುದೇ ಮುಖ್ಯ. ಇದನ್ನು ಬಿಡಿಸಿ ನೋಡಲು ಕ್ಯಾಥ್ಲೀನ್ ರಟೆನ್‌ಬರ್ಗ್ 1992ರಲ್ಲಿ ಪ್ರಕಟಿಸಿದ ಸೆಡೆಕ್ಸ್ ಎಂಬ ವಿಧಾನ ಇಂದಿಗೂ ಬಳಕೆಯಲ್ಲಿದೆ. ಒಂದೇ ಚಿಟಿಕೆ ಕೆಸರನ್ನು ಒಂದರ ಹಿಂದೆ ಒಂದರಂತೆ ಬೇರೆ ಬೇರೆ ದ್ರಾವಣಗಳಲ್ಲಿ ತೊಳೆದು, ಪ್ರತಿ ತೊಳೆತದಲ್ಲಿ ಹೊರಬಂದ ರಂಜಕವನ್ನು ಅಳೆಯುವುದು ಅದರ ಕ್ರಮ. ಮೆಗ್ನೀಸಿಯಂ ಕ್ಲೋರೈಡ್ ದ್ರಾವಣಕ್ಕೆ ಕಣದ ಮೇಲ್ಮೈಗೆ ಸಡಿಲವಾಗಿ ಅಂಟಿದ್ದು ಬಿಟ್ಟುಬರುತ್ತದೆ. ಡೈಥಯೊನೈಟ್ ಇರುವ ದ್ರಾವಣ ಕಬ್ಬಿಣದ ತುಕ್ಕನ್ನು ಕರಗಿಸಿ ಅದರಲ್ಲಿ ಸಿಕ್ಕಿಕೊಂಡದ್ದನ್ನು ಬಿಡಿಸುತ್ತದೆ. ಹದವಾದ ಹುಳಿಯ ಅಸಿಟೇಟ್ ದ್ರಾವಣ ಹೂಳಿನಲ್ಲೇ ಹೊಸದಾಗಿ ಹುಟ್ಟಿದ ಅಪಟೈಟ್ ಖನಿಜವನ್ನೂ, ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಬೆಟ್ಟದ ಬಂಡೆಯಿಂದ ಸವೆದು ಬಂದ ಹಳೆಯ ಅಪಟೈಟನ್ನೂ ಕರಗಿಸುತ್ತವೆ. ಕೊನೆಗೆ ಉಳಿದದ್ದನ್ನು 550 ಡಿಗ್ರಿಯಲ್ಲಿ ಸುಟ್ಟು ಮತ್ತೆ ಆಮ್ಲಕ್ಕೆ ಹಾಕಿದರೆ ಜೀವಿಗಳ ಅವಶೇಷದಲ್ಲಿದ್ದ ಸಾವಯವ ರಂಜಕ ಸಿಗುತ್ತದೆ.

ಬಂಡೆಯಿಂದ ಬಂದ ಅಪಟೈಟ್ ನೀರಿನ ಪಾಲಿಗೆ ಮರಳಿಗೆ ಸಮ. ಅದು ಬಂದಂತೆಯೇ ಹೂತುಹೋಗುತ್ತದೆ, ಯಾರಿಗೂ ಸಿಗುವುದಿಲ್ಲ. ಕೈಬದಲಾಗುವ ಆಸ್ತಿ ಸಡಿಲ ರಂಜಕ, ಕಬ್ಬಿಣಕ್ಕೆ ಅಂಟಿದ ರಂಜಕ ಮತ್ತು ಸಾವಯವ ರಂಜಕ. ಅವುಗಳಲ್ಲೂ ಹೆಚ್ಚು ಗಮನ ಬೇಡುವುದು ಕಬ್ಬಿಣದ್ದು.

ಕಬ್ಬಿಣ ಹಿಡಿಯುತ್ತದೆ, ಗಂಧಕ ಬಿಡಿಸುತ್ತದೆ

ಇಳಿತದ ಹೊತ್ತಿನಲ್ಲಿ ಅಳಿವೆಯ ಕೆಸರನ್ನು ಬೆರಳಿನಿಂದ ಕೆದಕಿದವರಿಗೆ ಇದರ ಅರ್ಧ ರಸಾಯನ ಕಣ್ಣಿಗೇ ಕಾಣುತ್ತದೆ. ಮೇಲೆ ಕೆಲವು ಮಿಲಿಮೀಟರ್ ದಪ್ಪದ ಕಂದು ಪದರ, ಅದರ ಕೆಳಗೆ ಕಪ್ಪು ರಾಡಿ, ಜೊತೆಗೆ ಕೊಳೆತ ಮೊಟ್ಟೆಯ ನಾತ. ಕಂದು ಬಣ್ಣ ಆಮ್ಲಜನಕ ತಗುಲಿ ತುಕ್ಕಾದ ಕಬ್ಬಿಣದ್ದು. ಕಪ್ಪು ಬಣ್ಣ ಗಂಧಕದೊಂದಿಗೆ ಕೂಡಿದ ಕಬ್ಬಿಣದ್ದು. ನಾತ ಹೈಡ್ರೋಜನ್ ಸಲ್ಫೈಡ್ ಅನಿಲದ್ದು.

ಕೆಳಗಿನ ಪದರದಲ್ಲಿ ಸತ್ತ ಪಾಚಿ, ಎಲೆ, ಹಿಕ್ಕೆಗಳು ಕೊಳೆಯುವಾಗ ಅವುಗಳ ರಂಜಕ ಫಾಸ್ಫೇಟ್ ರೂಪದಲ್ಲಿ ಕರಗಿ ಕಣಗಳ ಸಂದಿಯ ನೀರಿಗೆ ಸೇರುತ್ತದೆ. ಅಲ್ಲಿ ಅದರ ಸಾಂದ್ರತೆ ಮೇಲಿನ ನೀರಿಗಿಂತ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ಹೆಚ್ಚು. ಸಹಜವಾಗಿಯೇ ಅದು ಮೇಲಕ್ಕೆ ಹರಡುತ್ತದೆ. ದಾರಿಯಲ್ಲಿ ಕಂದು ಪದರ ಅಡ್ಡ ಬರುತ್ತದೆ. ತುಕ್ಕಿನ ಕಣಗಳು ಫಾಸ್ಫೇಟನ್ನು ಬಿಗಿಯಾಗಿ ಹಿಡಿಯುತ್ತವೆ, ಮೇಲಿನ ನೀರಿಗೆ ಹೋಗುವುದು ಅಲ್ಪ. ತಳದಲ್ಲಿ ಆಮ್ಲಜನಕ ಮುಗಿದಾಗ ಬ್ಯಾಕ್ಟೀರಿಯಗಳು ತುಕ್ಕನ್ನೇ ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. ತುಕ್ಕು ಕರಗುತ್ತದೆ, ಹಿಡಿತ ಸಡಿಲವಾಗುತ್ತದೆ, ಅದುವರೆಗೆ ಕೂಡಿಟ್ಟದ್ದೆಲ್ಲ ಒಟ್ಟಿಗೆ ಹೊರಬೀಳುತ್ತದೆ. 1930ರ ದಶಕದಲ್ಲಿ ಜರ್ಮನಿಯ ಐನ್‌ಸೆಲೆ, 1941–42ರಲ್ಲಿ ಇಂಗ್ಲೆಂಡಿನ ಸರೋವರಗಳ ಮೇಲೆ ಕೆಲಸ ಮಾಡಿದ ಕ್ಲಿಫರ್ಡ್ ಮಾರ್ಟಿಮರ್ ವಿವರಿಸಿದ ಈ ಮಾದರಿ ಹಲವು ದಶಕಗಳ ಕಾಲ ಪಠ್ಯಪುಸ್ತಕಗಳ ಪೂರ್ಣ ಉತ್ತರವಾಗಿತ್ತು.

ಆದರೆ ಅದು ಸಿಹಿನೀರಿನ ಕಥೆ. ಸಿಹಿನೀರಿನಲ್ಲಿ ಕರಗಿದ ಕಬ್ಬಿಣ ಮತ್ತೆ ಆಮ್ಲಜನಕ ಸಿಕ್ಕಾಗ ತುಕ್ಕಾಗಿ ಫಾಸ್ಫೇಟನ್ನು ಮರಳಿ ಹಿಡಿಯುತ್ತದೆ. ಕಡಲ ನೀರಿನಲ್ಲಿ ಆ ಅವಕಾಶ ತಪ್ಪಿಹೋಗುತ್ತದೆ. ಕಾರಣ, ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಗಳು ಇದನ್ನು ಸಲ್ಫೈಡ್ ಆಗಿಸುತ್ತವೆ. ಸಲ್ಫೈಡ್ ಕಬ್ಬಿಣವನ್ನು ಕೂಡಿ ಕಪ್ಪು ಕಬ್ಬಿಣದ ಸಲ್ಫೈಡ್, ಕೊನೆಗೆ ಪೈರೈಟ್ ಆಗಿ ಕೂರುತ್ತದೆ. ಫಾಸ್ಫೇಟಿಗೆ ಸಿಗಬೇಕಾಗಿದ್ದ ಕಬ್ಬಿಣ ಗಂಧಕದ ಪಾಲಾಗುತ್ತದೆ. 1989ರಲ್ಲಿ ಕರಾಕೊ, ಕೋಲ್ ಮತ್ತು ಲೈಕೆನ್ಸ್ ಹಲವು ಜಲರಾಶಿಗಳನ್ನು ಹೋಲಿಸಿ, ಸಲ್ಫೇಟ್ ಹೆಚ್ಚಿದ್ದಲ್ಲಿ ಹೂಳಿನಿಂದ ರಂಜಕದ ಸೋರಿಕೆಯೂ ಹೆಚ್ಚು ಎಂದು ತೋರಿಸಿದರು. ಅಳಿವೆಯ ಉದ್ದಕ್ಕೂ ಉಪ್ಪು ಬದಲಾಗುವುದರಿಂದ, ಕೆರೆ ಮತ್ತು ಕಡಲು ಎರಡರ ನಡತೆಯೂ ಕೆಲವೇ ಕಿಲೋಮೀಟರುಗಳ ಒಳಗೆ ಇಲ್ಲಿ ನೋಡಸಿಗುತ್ತದೆ.

ನದಿಮುಖದಿಂದ ಕಡಲಿನವರೆಗೆ

ನದಿಯ ನೀರಿನಲ್ಲಿ ತೇಲುವ ಅತಿ ಸಣ್ಣ ಕಬ್ಬಿಣದ ಕಣಗಳು ಒಂದೇ ಬಗೆಯ ವಿದ್ಯುದಂಶವಿರುವುದರಿಂದ ಒಂದಕ್ಕೊಂದು ಅಂಟದೆ ದೂರ ಉಳಿದಿರುತ್ತವೆ. ಸ್ವಲ್ಪ ಉಪ್ಪು ತಗುಲಿದ ಕೂಡಲೇ ಆ ವಿಕರ್ಷಣೆ ಮುಗಿದು, ಹಾಲಿಗೆ ಹುಳಿ ಹಿಂಡಿದಂತೆ ಗರಣೆಗಟ್ಟುತ್ತವೆ. ಶೊಲ್ಕೊವಿಟ್ಜ್ 1976ರಲ್ಲಿ ಸ್ಕಾಟ್ಲೆಂಡಿನ ನದಿನೀರನ್ನು ಕಡಲನೀರಿನೊಂದಿಗೆ ಬೆರೆಸಿ ಇದನ್ನು ತೋರಿಸಿದ್ದರು. ಈ ಗರಣೆಗಳೊಂದಿಗೆ ಫಾಸ್ಫೇಟೂ ತಳಕ್ಕಿಳಿಯುತ್ತದೆ. ಹೀಗಾಗಿ ಅಳಿವೆಯ ಮೇಲ್ಭಾಗ, ಉಪ್ಪು ಆಗಷ್ಟೇ ತಾಗುವ ಜಾಗ, ರಂಜಕವನ್ನು ಹಿಡಿಯುವ ಬಲೆ. ಕೆಳಭಾಗದಲ್ಲಿ ಗಂಧಕ ಅದನ್ನು ಬಿಡಿಸುತ್ತದೆ. ಅಮೆರಿಕದ ಮೇರಿಲ್ಯಾಂಡಿನ ಪಟಕ್ಸೆಂಟ್ ನದಿಯಲ್ಲಿ ಈ ಎರಡೂ ತುದಿಗಳನ್ನು ಒಟ್ಟಿಗೆ ಅಳೆದ ಥಾಮಸ್ ಜೋರ್ಡನ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಕಬ್ಬಿಣದ ಸಾಗಣೆಪಟ್ಟಿ ಎಂದು ಕರೆದರು: ಕಬ್ಬಿಣ ಫಾಸ್ಫೇಟನ್ನು ಹೊತ್ತು ಉಪ್ಪುನೀರಿನವರೆಗೆ ತಂದು ಅಲ್ಲಿ ಇಳಿಸುತ್ತದೆ. ನದಿಯ ಸಿಹಿಭಾಗದಲ್ಲಿ ಸಸ್ಯಕಣಗಳಿಗೆ ರಂಜಕದ ಕೊರತೆ, ಉಪ್ಪು ಭಾಗದಲ್ಲಿ ಸಾರಜನಕದ ಕೊರತೆ ಸಾಮಾನ್ಯವಾಗಿ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ.

ಕಣಗಳಿಗೂ ನೀರಿಗೂ ನಡುವೆ ದಿನನಿತ್ಯದ ಕೊಡುಕೊಳ್ಳುವಿಕೆಯೂ ಉಂಟು. ಅಮೆರಿಕದ ಜಾರ್ಜಿಯಾದ ಡೊಬೊಯ್ ಸೌಂಡ್ ಅಳಿವೆಯಲ್ಲಿ ಲಾರೆನ್ಸ್ ಪೊಮರಾಯ್ ತಂಡ 1965ರಲ್ಲಿ ಗಮನಿಸಿದಂತೆ, ನೀರಿನಲ್ಲಿ ಫಾಸ್ಫೇಟ್ ಕಡಿಮೆಯಾದರೆ ಕೆಸರು ಕೊಡುತ್ತದೆ, ಹೆಚ್ಚಾದರೆ ಹೀರಿಕೊಳ್ಳುತ್ತದೆ. ಲೀಟರಿಗೆ ಸುಮಾರು ಒಂದು ಮೈಕ್ರೋಮೋಲ್ ಎಂಬ ಮಟ್ಟ ತಾನಾಗಿ ಉಳಿದುಕೊಳ್ಳುತ್ತದೆ. ಮೇಲಿನ ಲೆಕ್ಕದ 31 ಮೈಕ್ರೋಗ್ರಾಂ ಇದೇ ಒಂದು ಮೈಕ್ರೋಮೋಲ್.

ಆಮ್ಲಜನಕವಿದ್ದರೂ ಕಬ್ಬಿಣದ ಹಿಡಿತ ತಪ್ಪುವ ಇನ್ನೊಂದು ಸಂದರ್ಭ ಇದೆ. ಪಾಚಿ ದಟ್ಟವಾಗಿ ಬೆಳೆದಾಗ ನೀರಿನ ಇಂಗಾಲದ ಡೈಆಕ್ಸೈಡನ್ನೆಲ್ಲ ಹೀರಿ ನೀರನ್ನು ಕ್ಷಾರವಾಗಿಸುತ್ತದೆ. ಪಿಎಚ್ 9.5 ದಾಟಿದರೆ ಹೈಡ್ರಾಕ್ಸಿಲ್ ಅಯಾನುಗಳು ತುಕ್ಕಿನ ಮೇಲಿನ ಫಾಸ್ಫೇಟನ್ನು ತಳ್ಳಿ ತಾವು ಕೂರುತ್ತವೆ. ವಾಷಿಂಗ್ಟನ್ ನಗರದ ಕೊಳಚೆನೀರಿನಿಂದ ರಂಜಕವನ್ನು ತೆಗೆಯುವ ವ್ಯವಸ್ಥೆ ಬಂದ ಮೇಲೂ, 1983ರಲ್ಲಿ ಪೊಟೊಮ್ಯಾಕ್ ಅಳಿವೆಯ ಸಿಹಿಭಾಗದಲ್ಲಿ ಮೈಕ್ರೋಸಿಸ್ಟಿಸ್ ನೀಲಿಹಸಿರು ಪಾಚಿ ಹಬ್ಬಿ ಎಲ್ಲರನ್ನೂ ಕಂಗೆಡಿಸಿತು. ಸಿಬಿಲ್ ಸೈಟ್ಜಿಂಗರ್ 1991ರಲ್ಲಿ ಅಲ್ಲಿನ ಕೆಸರಿನ ಮೇಲೆ ನಡೆಸಿದ ಪ್ರಯೋಗಗಳು, ಪಾಚಿಯೇ ಏರಿಸಿದ ಪಿಎಚ್ ಕೆಸರಿನಿಂದ ರಂಜಕವನ್ನು ಹೊರತೆಗೆದು ಪಾಚಿಗೇ ಉಣಿಸುತ್ತದೆ ಎಂದು ತೋರಿಸಿದವು.

ಹುಳು, ಏಡಿ, ಬ್ಯಾಕ್ಟೀರಿಯ

ಕೆಸರನ್ನು ನಿರ್ಜೀವ ಪದರಗಳ ಅಟ್ಟಿಯೆಂದು ತಿಳಿದರೆ ಲೆಕ್ಕ ತಪ್ಪುತ್ತದೆ. ಏಡಿ, ಹುಳುಗಳು ತೋಡಿದ ಬಿಲಗಳ ಗೋಡೆಗೆ ಆಮ್ಲಜನಕವಿರುವ ನೀರು ತಾಗಿ, ಕಪ್ಪು ಕೆಸರಿನ ನಡುವೆ ಕಂದು ತುಕ್ಕಿನ ಕೊಳವೆಗಳು ಏಳುತ್ತವೆ. ಫಾಸ್ಫೇಟ್ ಹಿಡಿಯುವ ಮೇಲ್ಮೈ ಇದರಿಂದ ಬಹಳ ಹೆಚ್ಚುತ್ತದೆ. ಬಾಲ್ಟಿಕ್ ಸಮುದ್ರಕ್ಕೆ ಹೊರಗಿನಿಂದ ಬಂದು ಸೇರಿದ ಮರೆಂಜೆಲೇರಿಯ ಎಂಬ ಹುಳು ಬಹಳ ಆಳಕ್ಕೆ ಬಿಲ ತೋಡುವುದರಿಂದ, ಅದು ಹಾವಳಿಯ ಬದಲು ಉಪಕಾರ ಮಾಡುತ್ತಿರಬಹುದು ಎಂದು 2012ರ ಒಂದು ಅಧ್ಯಯನ ವಾದಿಸಿತು.

ಅದೇ 2012ರಲ್ಲಿ ವಿವರಿಸಲಾದ ಕೇಬಲ್ ಬ್ಯಾಕ್ಟೀರಿಯಗಳದ್ದು ಇನ್ನೂ ವಿಚಿತ್ರ ಕಥೆ. ಸಾವಿರಾರು ಕೋಶಗಳು ಉದ್ದಕ್ಕೆ ಸಾಲುಗಟ್ಟಿ ಸೆಂಟಿಮೀಟರುಗಳಷ್ಟು ಉದ್ದದ ತಂತಿಯಾಗುತ್ತವೆ. ಒಂದು ತುದಿ ಆಳದ ಸಲ್ಫೈಡಿನಲ್ಲಿ, ಇನ್ನೊಂದು ಮೇಲಿನ ಆಮ್ಲಜನಕದಲ್ಲಿ. ನಡುವೆ ವಿದ್ಯುತ್ ಹರಿಯುತ್ತದೆ. ಈ ಕ್ರಿಯೆಯಲ್ಲಿ ಹುಟ್ಟುವ ಆಮ್ಲ ಕಬ್ಬಿಣದ ಸಲ್ಫೈಡನ್ನು ಕರಗಿಸಿ, ಬಿಡುಗಡೆಯಾದ ಕಬ್ಬಿಣ ಮೇಲೆ ಬಂದು ತುಕ್ಕಿನ ದಪ್ಪ ಪದರ ಕಟ್ಟುತ್ತದೆ. ನೆದರ್ಲೆಂಡ್ಸಿನ ಹಿಂದೆ ಅಳಿವೆಯಾಗಿದ್ದ ಗ್ರೆವೆಲಿಂಗನ್‌ನಲ್ಲಿ ಚಳಿಗಾಲದಲ್ಲಿ ಕಟ್ಟಿದ ಈ ಪದರ ಬೇಸಿಗೆಯಲ್ಲಿ ವಿಷಕಾರಿ ಸಲ್ಫೈಡ್ ನೀರಿಗೆ ಸೇರುವುದನ್ನು ತಡೆಯುತ್ತದೆಂದು 2015ರಲ್ಲಿ ವರದಿಯಾಯಿತು. ಗಂಧಕ ಕಿತ್ತುಕೊಂಡ ಕಬ್ಬಿಣವನ್ನು ಮರಳಿ ಪಡೆಯುವ ಉಪಾಯ ಪ್ರಕೃತಿಯಲ್ಲಿ ಇದೊಂದೇ ಅಲ್ಲ, ಆದರೆ ಇಷ್ಟು ಜಾಣತನದ್ದು ಬೇರೆ ಸಿಗುವುದು ಕಷ್ಟ.

ಶಾಶ್ವತವಾಗಿ ಹುದುಗುವುದು ಎರಡು ಬಗೆಯಲ್ಲಿ. ಸಂದಿಯ ನೀರಿನಲ್ಲಿ ಫಾಸ್ಫೇಟ್ ಹೆಚ್ಚಿದಾಗ ಅದು ಕ್ಯಾಲ್ಸಿಯಂ ಮತ್ತು ಫ್ಲೋರೈಡಿನೊಂದಿಗೆ ಸೇರಿ ನಿಧಾನವಾಗಿ ಹೊಸ ಅಪಟೈಟ್ ಆಗುತ್ತದೆ. ಲಾಂಗ್ ಐಲೆಂಡ್ ಸೌಂಡ್ ಮತ್ತು ಮೆಕ್ಸಿಕೋ ಕೊಲ್ಲಿಯ ಹೂಳಿನಲ್ಲಿ ಇದನ್ನು ರಟೆನ್‌ಬರ್ಗ್ ಮತ್ತು ರಾಬರ್ಟ್ ಬರ್ನರ್ 1993ರಲ್ಲಿ ತೋರಿಸಿದರು. ಇನ್ನೊಂದು, ಗಂಧಕ ಕಡಿಮೆ ಮತ್ತು ಕಬ್ಬಿಣ ಹೆಚ್ಚಿರುವಲ್ಲಿ ಹುಟ್ಟುವ ವಿವಿಯನೈಟ್ ಎಂಬ ಕಬ್ಬಿಣದ ಫಾಸ್ಫೇಟ್ ಖನಿಜ. ಕೆಸರಿನಲ್ಲಿರುವಾಗ ಬಣ್ಣವಿಲ್ಲದ ಈ ಹರಳು ಗಾಳಿ ತಗುಲಿದರೆ ನೀಲಿಯಾಗುತ್ತದೆ. ಉಪ್ಪು ಬಹಳ ಕಡಿಮೆಯಿರುವ ಬೋತ್ನಿಯನ್ ಸಮುದ್ರದ ಒಂದು ತಾಣದಲ್ಲಿ ಹೂತ ರಂಜಕದ ಅರ್ಧದ ಹತ್ತಿರ ವಿವಿಯನೈಟ್ ರೂಪದಲ್ಲಿದೆ ಎಂದು 2015ರಲ್ಲಿ ತಿಳಿದುಬಂತು.

ಪೀಲ್–ಹಾರ್ವಿ: ಹೂಳು ಸಾಲ ತೀರಿಸಿದ ಬಗೆ

ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದ ದಕ್ಷಿಣಕ್ಕೆ ಮ್ಯಾಂಡುರಾ ಬಳಿ ಪೀಲ್–ಹಾರ್ವಿ ಅಳಿವೆ ಇದೆ. ವಿಸ್ತಾರ ಸುಮಾರು 130 ಚದರ ಕಿಲೋಮೀಟರ್, ಆಳ ಹೆಚ್ಚಿನ ಕಡೆ ಎರಡು ಮೀಟರಿಗಿಂತ ಕಡಿಮೆ. ಸರ್ಪೆಂಟೈನ್, ಮರ‍್ರೆ, ಹಾರ್ವಿ ನದಿಗಳು ಬಂದು ಸೇರುತ್ತವೆ. 1994ರವರೆಗೆ ಕಡಲಿಗೆ ಹೊರದಾರಿ ಮ್ಯಾಂಡುರಾದ ಕಿರಿದಾದ ಕಾಲುವೆ ಒಂದೇ ಆಗಿತ್ತು. ಆ ತೀರದಲ್ಲಿ ಉಬ್ಬರವೇ ಒಂದು ಮೀಟರಿಗಿಂತ ಕಡಿಮೆಯಾದ್ದರಿಂದ, ಒಳಗಿನ ನೀರು ಬದಲಾಗುವುದು ಬಹಳ ನಿಧಾನವಾಗಿತ್ತು.

ಸುತ್ತಲಿನ ಬಯಲು ತೊಳೆದ ಬಿಳಿ ಮರಳಿನದು. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಾಡು ಕಡಿದು, ನೀರು ಬಸಿಯಲು ಕಾಲುವೆ ತೋಡಿ, ಹುಲ್ಲುಗಾವಲಿಗೆ ವರ್ಷ ವರ್ಷವೂ ಸೂಪರ್ ಫಾಸ್ಫೇಟ್ ಎರಚಿದರು. ಹಿಡಿಯುವ ಕಬ್ಬಿಣವಿಲ್ಲದ ಮರಳು ಅದನ್ನು ಚಳಿಗಾಲದ ಮಳೆಯೊಂದಿಗೆ ನೇರವಾಗಿ ಅಳಿವೆಗೆ ಕಳಿಸಿತು. ಅಲ್ಲಿ ಡಯಾಟಂ ಎಂಬ ಸಸ್ಯಕಣಗಳು ಬೆಳೆದು ಸತ್ತು ತಳ ಸೇರಿದವು. ವಸಂತದಲ್ಲಿ ನೀರು ಬೆಚ್ಚಗಾದಾಗ ಆ ರಾಶಿ ಕೊಳೆತು ತಳದ ಆಮ್ಲಜನಕ ಮುಗಿಯಿತು, ರಂಜಕ ಮೇಲೆದ್ದಿತು. 1970ರ ದಶಕದ ಕೊನೆಯಿಂದ ಬಹುತೇಕ ಪ್ರತಿ ಬೇಸಿಗೆಗೂ ಮೊದಲು ನೋಡುಲೇರಿಯ ಸ್ಪ್ಯುಮಿಜೀನ ಎಂಬ ನೀಲಿಹಸಿರು ಬ್ಯಾಕ್ಟೀರಿಯ ನೀರನ್ನೆಲ್ಲ ಹಬ್ಬತೊಡಗಿತು. ಇದು ಗಾಳಿಯ ಸಾರಜನಕವನ್ನು ತಾನೇ ಬಳಸಿಕೊಳ್ಳಬಲ್ಲದು. ಅದಕ್ಕೆ ಹೊರಗಿನಿಂದ ಬೇಕಾದದ್ದು ರಂಜಕ. ಮಳೆ ನಿಂತು ನದಿ ಬತ್ತಿದ ಮೇಲೂ ಹೂಳು ಅದನ್ನು ಒದಗಿಸುತ್ತಿತ್ತು. ಪಾಚಿಯ ವಿಷದ ಬಗ್ಗೆ ಬಂದ ಮೊದಲ ವೈಜ್ಞಾನಿಕ ವರದಿಯೂ ಇದೇ ನೋಡುಲೇರಿಯದ್ದು: 1878ರಲ್ಲಿ ಜಾರ್ಜ್ ಫ್ರಾನ್ಸಿಸ್ ದಕ್ಷಿಣ ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದ ಬಗ್ಗೆ ಬರೆದದ್ದು. ಅದು ಇನ್ನೊಂದು ಮರ‍್ರೆ ನದಿಯ ಮುಖದಲ್ಲಿದೆ.

1994ರ ಏಪ್ರಿಲ್‌ನಲ್ಲಿ ಎರಡೂವರೆ ಕಿಲೋಮೀಟರ್ ಉದ್ದ, 200 ಮೀಟರ್ ಅಗಲದ ಡಾಸ್‌ವಿಲ್ ಕಾಲುವೆಯನ್ನು ತೆರೆದು ಅಳಿವೆಗೆ ಕಡಲಿನ ಎರಡನೆಯ ಬಾಗಿಲು ಮಾಡಿದರು. ಉಪ್ಪು ಏರಿತು, ನೋಡುಲೇರಿಯದ ಬೀಜಕಣಗಳು ಆ ಉಪ್ಪಿನಲ್ಲಿ ಮೊಳೆಯಲಾರವು. ಮುಖ್ಯ ಅಳಿವೆಯಲ್ಲಿ ಹಾವಳಿ ನಿಂತಿತು. ಆದರೆ ಇದನ್ನು ರಂಜಕದ ಮೇಲಿನ ಗೆಲುವು ಎನ್ನುವುದು ಅತಿಶಯ. ಕಾಲುವೆ ಮಾಡಿದ್ದು ಕಡಲಿಗೆ ತೊಳೆದು ಕಳಿಸುವ ಕೆಲಸ ಮತ್ತು ಒಂದು ಜೀವಿಯನ್ನು ಹೊರಹಾಕುವ ಕೆಲಸ. ಮೇಲಿನಿಂದ ಬರುವ ರಂಜಕ ನಿಲ್ಲಲಿಲ್ಲ, ನದಿಗಳ ಕೆಳಭಾಗದಲ್ಲಿ ಪಾಚಿಯೂ ಮೀನುಗಳ ಸಾವೂ ಮುಂದುವರಿದವು. ಮೂಲದಲ್ಲೇ ತಡೆಯಲು ಹತ್ತಿರದ ಅಲ್ಯೂಮಿನಾ ಕಾರ್ಖಾನೆಗಳ ಬಾಕ್ಸೈಟ್ ಶೇಷವಾದ ಕೆಂಪು ಮಡ್ಡಿಯನ್ನು ಮರಳು ಹೊಲಗಳಿಗೆ ಬೆರೆಸುವ ಪ್ರಯೋಗಗಳೂ ನಡೆದವು. ಮರಳಿಗೆ ಇಲ್ಲದ ಕಬ್ಬಿಣವನ್ನು ತಂದುಕೊಡುವುದೇ ಅದರ ಉದ್ದೇಶ.

ಮುರಕಲ್ಲಿನ ಕರಾವಳಿ

ಕರ್ನಾಟಕದ ಕರಾವಳಿ ಇದಕ್ಕೆ ತದ್ವಿರುದ್ಧ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಿಂದ ನೇತ್ರಾವತಿಯವರೆಗಿನ ಅಳಿವೆಗಳಿಗೆ ಮಣ್ಣು ಬರುವುದು ಕೆಂಪು ಮುರಕಲ್ಲಿನ ನೆಲದಿಂದ. ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಗ್ರಂಥದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು ತುಂಬಿದ ಈ ಹುಳಿ ಮಣ್ಣು ಫಾಸ್ಫೇಟನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ ಬೆಳೆಗೇ ಸಿಗುವುದು ಕಷ್ಟ. ಅಡಿಕೆ ತೋಟಗಳಿಗೆ ನಿಧಾನವಾಗಿ ಕರಗುವ ಶಿಲಾರಂಜಕವನ್ನು ಹಾಕುವ ರೂಢಿಯ ಹಿಂದಿರುವುದು ಇದೇ.

ಇಲ್ಲಿ ಕಾಲಗಳೂ ಸೀಳಿದಂತೆ ಎರಡು. ಜೂನ್‌ನಿಂದ ಸೆಪ್ಟೆಂಬರಿನ ಮಳೆಗೆ ನೆರೆನೀರು ಕೆಂಪಾಗಿ ಇಳಿದು ಅಳಿವೆ ಹೆಚ್ಚುಕಡಿಮೆ ಸಿಹಿಯಾಗುತ್ತದೆ, ಹೊಸ ಕಬ್ಬಿಣ ಬಂದು ಕೂರುತ್ತದೆ. ಬೇಸಿಗೆಗೆ ಉಪ್ಪುನೀರು ಮೈಲುಗಟ್ಟಲೆ ಒಳನುಗ್ಗುತ್ತದೆ, ಅದರೊಂದಿಗೆ ಸಲ್ಫೇಟೂ. ಹಿಡಿಯುವ ಮತ್ತು ಬಿಡಿಸುವ ಕೆಲಸಗಳು ಪಟಕ್ಸೆಂಟಿನಲ್ಲಿ ಜಾಗದಿಂದ ಜಾಗಕ್ಕೆ ಬೇರೆಯಾದರೆ, ಇಲ್ಲಿ ಅದರ ಜೊತೆಗೆ ತಿಂಗಳಿಂದ ತಿಂಗಳಿಗೂ ಬೇರೆಯಾಗಬೇಕು. ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟುಗಳು ಈ ಗಡಿಯನ್ನೇ ಸರಿಸುತ್ತವೆ. ಲಿಂಗನಮಕ್ಕಿಯಂಥ ದೊಡ್ಡ ಜಲಾಶಯಗಳು ಹೂಳನ್ನೂ ಅದರ ಕಬ್ಬಿಣವನ್ನೂ ಮೇಲೆಯೇ ಹಿಡಿಯುತ್ತವೆ. ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು.

ಅಘನಾಶಿನಿಯ ಅಂಚಿನ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟುಕೊಂಡು ಸಿಗಡಿ, ಮೀನು. ಕಗ್ಗಕ್ಕೆ ಗೊಬ್ಬರ ಹಾಕುವ ವಾಡಿಕೆಯಿಲ್ಲ. ನೀರು ನಿಂತ ಗದ್ದೆಯಲ್ಲಿ ಆಮ್ಲಜನಕ ಮುಗಿದು ತುಕ್ಕು ಕರಗಿ ಫಾಸ್ಫೇಟ್ ಬಿಡುಗಡೆಯಾಗುವುದು ಭತ್ತದ ಮಣ್ಣುಗಳ ಸಾಮಾನ್ಯ ಗುಣ. ಪೀಲ್–ಹಾರ್ವಿಯಲ್ಲಿ ಪಿಡುಗಾದ ಕ್ರಿಯೆಯೇ ಇಲ್ಲಿ ಬೆಳೆಗೆ ಉಣಿಸುತ್ತದೆ.

ಸಂಗ್ರಹದ ಕಾಲಾವಧಿ ಮತ್ತು ಪರಿಹಾರಗಳು

ಮೇಲಿನಿಂದ ಬರುವುದನ್ನು ನಿಲ್ಲಿಸಿದ ಕೂಡಲೇ ಅಳಿವೆ ತಿಳಿಯಾಗುವುದಿಲ್ಲ. ಮೇರಿಲ್ಯಾಂಡ್ 1985ರಲ್ಲಿ, ವರ್ಜೀನಿಯ 1988ರಲ್ಲಿ ಫಾಸ್ಫೇಟ್ ಇರುವ ಬಟ್ಟೆಪುಡಿಯನ್ನು ನಿಷೇಧಿಸಿದವು. ಕೊಳಚೆನೀರಿನ ರಂಜಕ ಇಳಿಯಿತು, ಹೂಳಿನದ್ದು ಹಾಗೇ ಉಳಿಯಿತು. ಚೆಸಾಪೀಕ್ ಕೊಲ್ಲಿಗೆ ಬರುವ ಸಸ್ಕ್ವಿಹಾನಾ ನದಿಯ ಮೇಲೆ 1928ರಲ್ಲಿ ಕಟ್ಟಿದ ಕೊನೊವಿಂಗೊ ಅಣೆಕಟ್ಟು ದಶಕಗಟ್ಟಲೆ ಹೂಳನ್ನೂ ರಂಜಕವನ್ನೂ ಹಿಡಿದುಕೊಂಡು ಕೊಲ್ಲಿಯನ್ನು ಕಾಪಾಡಿತ್ತು. ಈಗ ಅದು ಹೆಚ್ಚುಕಡಿಮೆ ತುಂಬಿದೆ. 2011ರ ಸೆಪ್ಟೆಂಬರಿನಲ್ಲಿ ಲೀ ಎಂಬ ಚಂಡಮಾರುತದ ನೆರೆ ಬಂದಾಗ ಹಳೆಯ ಹೂಳೂ ಕೊಚ್ಚಿ ಕೊಲ್ಲಿಗೆ ಸೇರಿತು. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಫಾಸ್ಫೇಟ್ ವರ್ಷದಿಂದ ವರ್ಷಕ್ಕೆ ಏರಿಳಿಯುವುದು ನದಿಗಳು ತಂದ ರಂಜಕಕ್ಕಿಂತ ಆಮ್ಲಜನಕ ಕಡಿಮೆಯಾದ ತಳದ ವಿಸ್ತಾರಕ್ಕೆ ಹೊಂದಿಕೊಳ್ಳುತ್ತದೆಂದು ಡೇನಿಯಲ್ ಕಾನ್ಲಿ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು.

ಹೂಳನ್ನೇ ಚಿಕಿತ್ಸೆಗೆ ಒಳಪಡಿಸುವ ಪ್ರಯತ್ನಗಳಲ್ಲಿ ಎರಡು ಗಮನಾರ್ಹ. ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆ 1990ರ ದಶಕದಲ್ಲಿ ರೂಪಿಸಿದ ಫಾಸ್ಲಾಕ್ ಎಂಬ ಲ್ಯಾಂಥನಂ ಬೆರೆತ ಜೇಡಿಯನ್ನು ಪರ್ತ್ ಬಳಿಯ ಕ್ಯಾನಿಂಗ್ ನದಿಯಲ್ಲಿ ಪರೀಕ್ಷಿಸಲಾಯಿತು. ಲ್ಯಾಂಥನಂ ಫಾಸ್ಫೇಟ್ ಆಮ್ಲಜನಕವಿಲ್ಲದಿದ್ದರೂ ಕರಗುವುದಿಲ್ಲ. ಸ್ಟಾಕ್‌ಹೋಮ್ ದ್ವೀಪಸಮೂಹದ ಬ್ಯೋರ್ನೊಫ್ಯಾರ್ಡೆನ್ ಎಂಬ ಸಣ್ಣ ಕೊಲ್ಲಿಯ ತಳದ ಕೆಸರಿಗೆ 2012–13ರಲ್ಲಿ ಅಲ್ಯೂಮಿನಿಯಂ ದ್ರಾವಣವನ್ನು ಚುಚ್ಚಿ ಸೇರಿಸಿದಾಗ ನೀರಿನ ರಂಜಕ ಗಣನೀಯವಾಗಿ ಇಳಿಯಿತು. ಅಲ್ಯೂಮಿನಿಯಂ ಕಬ್ಬಿಣದಂತೆ ಉಸಿರಾಟಕ್ಕೆ ಬಳಕೆಯಾಗುವುದಿಲ್ಲ, ಸಲ್ಫೈಡಿಗೂ ಒಲಿಯುವುದಿಲ್ಲ. ಎರಡೂ ವಿಧಾನಗಳು ಮುಚ್ಚಿದ, ಹರಿವು ಕಡಿಮೆಯಿರುವ ಸಣ್ಣ ಜಾಗಗಳಿಗೆ ಹೊಂದುತ್ತವೆ. ದಿನಕ್ಕೆರಡು ಬಾರಿ ಉಬ್ಬರ ಬಂದು ಹೋಗುವ, ಪ್ರತಿ ಮಳೆಗಾಲಕ್ಕೂ ಹೊಸ ಹೂಳು ಬೀಳುವ ಅಳಿವೆಯಲ್ಲಿ ಸುರಿದ ಲೋಹ ಬೇಗನೆ ಹೊಸ ಕೆಸರಿನಡಿ ಹೂತುಹೋಗುತ್ತದೆ.